ಹಾಜರಿ ಪುಸ್ತಕದಿಂದ ಹೊಡೆದ ಹೆಸರು

ಬಸವಕಲ್ಯಾಣದಲ್ಲಿ ನಮ್ಮ ಓಣಿಯ ಒಂದು ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಕೂಸಿಗೆ ಹೆಸರಿಟ್ಟು ಗುಗ್ಗರಿ ಹಂಚುತ್ತಿದ್ದ ಹೊತ್ತಿಗೆ ಬಾಗಿಲಲ್ಲಿ ಚಪ್ಪಾಳೆಯ ಸದ್ದು. ಮೂವರು ಹಿಜಡಾಗಳು ಬಂದಿದ್ದರು. ಮನೆಯ ಹಿರಿಯಳು ಲಗುಬಗೆಯಿಂದ ಮರದಲ್ಲಿ ಅಕ್ಕಿ, ಒಂದು ಖಣ, ಐನೂರು ರೂಪಾಯಿ ಇಟ್ಟು ತಂದಳು. ಅವರಲ್ಲೊಬ್ಬಳು ಕೂಸನ್ನು ಎತ್ತಿಕೊಂಡು ದೃಷ್ಟಿ ತೆಗೆದು, ನೂರು ವರ್ಷ ಬಾಳೆಂದು ಹರಸಿದಳು. ನಮ್ಮೆಲ್ಲರ ಮುಖದಲ್ಲಿ ಸಮಾಧಾನ. ಅವರು ಓಣಿ ದಾಟಿದ್ದರೋ ಇಲ್ಲವೋ, ಮಾತು ಶುರುವಾಯಿತು.

"ಈಗ ಇವರಿಗೆ ಸರ್ಕಾರ ನೌಕರಿ ಭಿ ಕೊಡ್ಲತ್ತದಂತ ನೋಡ್ರಿ."

"ಕಾಯ್ದೆ ಎಲ್ಲಾ ಅವರ ಕಡೀನೇ ಅದ. ಗಂಡು ಗಂಡು ಕೂಡಿ ಇರಬಹುದಂತ. ಇದೆಲ್ಲಾ ಫಾರಿನ್ ರೋಗ. ಏನಂತೀರಿ ಟೀಚರ್?"

ನಾನು ಏನೂ ಅನ್ನಲಿಲ್ಲ. ಗುಗ್ಗರಿ ಕಟ್ಟಿಸಿಕೊಂಡು ಮನೆಗೆ ಬಂದೆ. ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳಿಗೆ ಅಲ್ಲಿ ಬಾಯಿ ಬರಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಫಾರಿನ್ನಿನಿಂದ ಬಂದದ್ದು ಏನು ಎಂಬುದನ್ನೇ ಮೊದಲು ನೋಡೋಣ. ಬಂದದ್ದು ಶಿಕ್ಷೆ. 1860ರಲ್ಲಿ ಇಂಗ್ಲಿಷರು ಬರೆದ ದಂಡ ಸಂಹಿತೆಯ 377ನೇ ಕಲಮು ಇಂಥ ಪ್ರೀತಿಯನ್ನು ಅಪರಾಧವೆಂದಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಿಜಡಾಗಳ ಹೆಸರು ಬರೆದಿಡಲು ಪೊಲೀಸ್ ದಫ್ತರ ತೆರೆಯಿತು. ತೊಟ್ಟಿಲು ಹರಸುವವರು ಮಾತ್ರ ಯಾವ ಹಡಗಿನಲ್ಲೂ ಬಂದವರಲ್ಲ. ಸವದತ್ತಿಯ ಎಲ್ಲಮ್ಮನ ಜೋಗಪ್ಪಗಳಿಗೆ ಯಾವ ಇಂಗ್ಲಿಷರವನೂ ಸೀರೆ ಉಡಿಸಲಿಲ್ಲ. ಅದೇ ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟೀವಿಯಲ್ಲಿ ನೋಡಿ ನಾವೆಲ್ಲ ಕಣ್ಣೊರೆಸಿಕೊಂಡೆವು. ಕಣ್ಣೊರೆಸಿಕೊಳ್ಳುವುದು ನಮಗೆ ಸುಲಭ.

ನಮ್ಮ ಭಾಗದ ಕಥೆ ಬೇರೆಯೇ ಇದೆ. ಹುಮನಾಬಾದ್, ಬಸವಕಲ್ಯಾಣ (ಆಗಿನ ಕಲ್ಯಾಣಿ) ಎರಡೂ ನಿಜಾಮನ ಸಂಸ್ಥಾನದಲ್ಲಿದ್ದವು. ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಹೈದರಾಬಾದ್ ಸರ್ಕಾರವೂ ಇಂಗ್ಲಿಷರನ್ನು ನೋಡಿ ಅಂಥದೇ ಕಾಯ್ದೆ ಮಾಡಿತು. ಹೈದರಾಬಾದ್ ಪಟ್ಟಣದಲ್ಲಿ ಮತ್ತು ಸರ್ಕಾರ ಸೂಚಿಸುವ ಬೇರೆ ಊರುಗಳಲ್ಲಿ ಸಂಶಯಕ್ಕೆ ಗುರಿಯಾದ ಹಿಜಡಾಗಳ ಹೆಸರು, ವಾಸದ ಜಾಗ ಬರೆದಿಡುವುದು. ಹಾಗೆ ಹೆಸರಿದ್ದವರು ಹೆಣ್ಣಿನ ಉಡುಗೆ ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿಯುವುದು. ಎರಡು ವರ್ಷದವರೆಗೆ ಜೈಲು. ನಾವು 1956ರಲ್ಲಿ ಆ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದೆವು. ಅತ್ತ ಆ ಕಾಯ್ದೆ ಪುಸ್ತಕದಲ್ಲಿ ಹಾಗೇ ಉಳಿದು, ತೆಲಂಗಾಣದ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ.

ನಿಜಾಮ ಹೋದ, ನಾವು ಸುಧಾರಿಸಿದೆವು ಎನ್ನುವಂತಿಲ್ಲ. 2011ರಲ್ಲಿ ನಮ್ಮ ಕರ್ನಾಟಕವೇ ತನ್ನ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮು ಸೇರಿಸಿ, ಸಂಶಯದ ಮೇಲೆ ಹಿಜಡಾಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಏನು ಮಾಡಿದರು ಗೊತ್ತೇ? ಕಲಮನ್ನು ತೆಗೆಯಲಿಲ್ಲ. ಹಿಜಡಾ ಎಂಬರ್ಥದ ಪದವನ್ನು ತೆಗೆದು 'ವ್ಯಕ್ತಿಗಳು' ಎಂದು ಬರೆದರು. ಶಾಲೆಯ ಹುಡುಗರು ನೋಟ್‌ಬುಕ್ಕಿನಲ್ಲಿ ತಪ್ಪು ತಿದ್ದುವುದೂ ಇದಕ್ಕಿಂತ ಚೆನ್ನಾಗಿರುತ್ತದೆ.

"ಕಾಯ್ದೆ ಎಲ್ಲಾ ಅವರ ಕಡೆ" ಎಂದ ಅಕ್ಕನಿಗೆ ಒಂದು ಲೆಕ್ಕ ಹೇಳುತ್ತೇನೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರೂ ನಾಗರಿಕರು, ತಾವು ಯಾರೆಂದು ಹೇಳಿಕೊಳ್ಳುವ ಹಕ್ಕು ಇವರದು ಎಂದು ತೀರ್ಪು ಕೊಟ್ಟಿತು. ಅದರ ಬೆನ್ನಿಗೆ 2019ರಲ್ಲಿ ಸಂಸತ್ತು 'ರಕ್ಷಣೆಯ' ಕಾಯ್ದೆ ಮಾಡಿತು. ಆ ಕಾಯ್ದೆ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲೆ ಅತ್ಯಾಚಾರವಾದರೆ ಕನಿಷ್ಠ ಹತ್ತು ವರ್ಷ. ಇವರಿಗಾದರೆ ಹೆಚ್ಚೆಂದರೆ ಎರಡು. 1919ರಲ್ಲಿ ಸೀರೆ ಉಟ್ಟ ತಪ್ಪಿಗೆ ಅವಳಿಗೆ ಎರಡು ವರ್ಷ. ಸರಿಯಾಗಿ ನೂರು ವರ್ಷ ಕಳೆದು 2019ರಲ್ಲಿ, ಆ ಸೀರೆಗೆ ಕೈ ಹಾಕಿದವನಿಗೂ ಅದೇ ಎರಡು ವರ್ಷ. ಇದರಲ್ಲಿ ಯಾವುದು ಅವರ ಕಡೆ ಇದೆ, ನೀವೇ ಹೇಳಿ. ದೌರ್ಜನ್ಯವೆಂದರೆ ಏನೆಂದು ಗೊತ್ತಿರುವ ಹೆಂಗಸರು ನಾವು. ಈ ಲೆಕ್ಕ ನಮಗೆ ಬೇಗ ತಿಳಿಯಬೇಕು.

ಇನ್ನು 377. ದೆಹಲಿಯ ಹೈಕೋರ್ಟು 2009ರಲ್ಲಿ ಒಪ್ಪಿತ ಸಂಬಂಧ ಅಪರಾಧವಲ್ಲವೆಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಅಪರಾಧವೇ ಎಂದಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಮತ್ತೆ ಅಲ್ಲವೆಂದಿತು. ಒಂಬತ್ತು ವರ್ಷಗಳಲ್ಲಿ ಅದೇ ಮನುಷ್ಯ ಅದೇ ಮನೆಯಲ್ಲಿ ಕೂತಲ್ಲೇ ನಿರಪರಾಧಿ, ಅಪರಾಧಿ, ಮತ್ತೆ ನಿರಪರಾಧಿ. ನಮಗೆ ಈ ಕಲಮು ಕೊಟ್ಟ ಇಂಗ್ಲೆಂಡ್ 1967ರಲ್ಲೇ ತನ್ನ ನೆಲದಲ್ಲಿ ಅದನ್ನು ಸಡಿಲಿಸಿಕೊಂಡಿತ್ತು. ನಾವು ಮತ್ತೈವತ್ತು ವರ್ಷ ಅದನ್ನು ನಮ್ಮ ಸಂಸ್ಕೃತಿ ಎಂದುಕೊಂಡು ಕಾಪಾಡಿದೆವು. ಲೋಕವೆಲ್ಲ ಮುಂದಕ್ಕೇ ಹೋಗುತ್ತಿದೆ ಎಂದು ನಾನು ಹೇಳುವುದಿಲ್ಲ. ಥಾಯ್ಲೆಂಡ್ 2025ರ ಜನವರಿಯಿಂದ ಇಬ್ಬರು ಹೆಂಗಸರ, ಇಬ್ಬರು ಗಂಡಸರ ಮದುವೆಯನ್ನು ನೋಂದಾಯಿಸುತ್ತಿದೆ. ಉಗಾಂಡ 2023ರಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯನ್ನೇ ಇಟ್ಟಿತು. ಕಾಯ್ದೆಗೆ ಹಿಂದಕ್ಕೂ ಕಾಲಿದೆ.

ನಮ್ಮಲ್ಲಿ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಇಂಥ ಮದುವೆಗೆ ಮಾನ್ಯತೆ ಕೊಡುವುದು ಕೋರ್ಟಿನ ಕೆಲಸವಲ್ಲ, ಸಂಸತ್ತಿನದು ಎಂದರು. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಂತೋಷಪಟ್ಟರು. ಒಬ್ಬರಂತೂ "ಕಲ್ಯಾಣದ ನಾಡಿನಾಗ ಇದೆಲ್ಲಾ ನಡೀತದೇನು?" ಎಂದರು. ಕಲ್ಯಾಣದ ನಾಡು! ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಇಬ್ಬರು ತಂದೆಯರನ್ನು ಎಳೆಹೂಟೆ ಕಟ್ಟಿಸಿ ಕೊಂದದ್ದು ಇದೇ ಊರಿನಲ್ಲಿ ಎಂದು ಶರಣರ ಚರಿತ್ರೆ ಹೇಳುತ್ತದೆ. ಆ ಮದುವೆಯೂ ಅಂದಿನ ಕಾಯ್ದೆಗೆ, ಅಂದಿನ ಶಾಸ್ತ್ರಕ್ಕೆ, ಬಿಜ್ಜಳನ ಅರಮನೆಗೆ ಒಪ್ಪಿಗೆಯಾಗಿರಲಿಲ್ಲ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆನ್ನುವ ದಾಸಿಮಯ್ಯನ ವಚನವನ್ನು ನಾವೇ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಭಾವಾರ್ಥ ಬರೆಸಿ, ಅಂಕ ಹಾಕುತ್ತೇವೆ.

ಮದುವೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಇದು ಹೆಣ್ಣು ಹೆತ್ತವರಿಗೆ. ಹುಮನಾಬಾದಿನಲ್ಲಿ ನನ್ನ ಗೆಳತಿಯೊಬ್ಬಳ ತಂಗಿಯ ಮಗಳ ಲಗ್ನವಾಯಿತು. ಒಳ್ಳೆ ಮನೆತನ, ಹುಡುಗ ನೌಕರಿಯವನು. ಐದು ತೊಲೆ ಬಂಗಾರ, ಒಂದು ಮೋಟಾರ್ ಸೈಕಲ್ಲು. ಮೂರು ವರ್ಷ ಆ ಹುಡುಗಿ 'ಬಂಜೆ' ಎನ್ನಿಸಿಕೊಂಡು, ಸಿಕ್ಕ ಸಿಕ್ಕ ದೇವರಿಗೆ ಹರಕೆ ಹೊತ್ತು, ಡಾಕ್ಟರ ಮುಂದೆ ಸಾಲು ಹಚ್ಚಿದಳು. ಗಂಡ ಒಂದು ದಿನವೂ ಅವಳನ್ನು ಮುಟ್ಟಿರಲಿಲ್ಲ. ಕೊನೆಗೆ ಅವನೇ ಅತ್ತು ಹೇಳಿದ: ತನಗೆ ಹೆಣ್ಣಿನ ಮೇಲೆ ಮನಸ್ಸಿಲ್ಲವೆಂದು ಪಿಯುಸಿಯಲ್ಲಿರುವಾಗಲೇ ತಾಯಿಗೆ ಹೇಳಿದ್ದನಂತೆ. "ಲಗ್ನ ಮಾಡಿದ್ರ ಸರಿ ಹೋಗ್ತಾನ ಅಂದ್ಕೊಂಡೆ" ಎಂದಳು ಆ ತಾಯಿ. ನನಗೆ ಹುಡುಗನ ಮೇಲೆ ಸಿಟ್ಟಿಲ್ಲ. ತಾಯಿಯ ಮೇಲಿದೆ. ಮಗನ ಮಾನ ಮುಚ್ಚಲು ಇನ್ನೊಬ್ಬರ ಮಗಳನ್ನು ಹೊದಿಕೆ ಮಾಡಿಕೊಂಡ ಆ ಹೆಂಗಸನ್ನು ನಾವು ಇವತ್ತಿಗೂ ಕುಬಸಕ್ಕೆ, ಸತ್ಯನಾರಾಯಣ ಪೂಜೆಗೆ ಕರೆಯುತ್ತೇವೆ. 2018ರ ಮೊದಲು ಅಂಥ ತಾಯಿಗೆ ಪೊಲೀಸರ ಭಯವಿತ್ತು ಎಂದಾದರೂ ಹೇಳಬಹುದಿತ್ತು. ಈ ಲಗ್ನ ಆದದ್ದು ಅದರ ನಂತರ.

ಇಷ್ಟೆಲ್ಲ ಬೇರೆಯವರ ಮೇಲೆ ಹೇಳಿದ ಮೇಲೆ ನನ್ನದನ್ನೂ ಹೇಳುತ್ತೇನೆ.

2021ರ ಜುಲೈಯಲ್ಲಿ ನಮ್ಮ ಸರ್ಕಾರ ನೌಕರಿಗಳಲ್ಲಿ ಇವರಿಗೆ ನೂರಕ್ಕೆ ಒಂದು ಮೀಸಲಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಅದೂ ಪೊಲೀಸ್ ಪೇದೆಗಳ ನೇಮಕಾತಿಯಲ್ಲಿ ಬರೀ ಗಂಡು, ಹೆಣ್ಣು ಎಂದಷ್ಟೇ ಇದೆಯೆಂದು ಸಂಗಮ ಸಂಸ್ಥೆಯವರು ಹೈಕೋರ್ಟಿಗೆ ಹೋದ ಮೇಲೆ. ತೊಟ್ಟಿಲ ಕಾರ್ಯದಲ್ಲಿ ಎಲ್ಲರಿಗೂ ಉರಿದದ್ದು ಈ ನೌಕರಿಯೇ. ಆದರೆ ಪೇದೆಯಾಗಬೇಕಾದರೂ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಎಸ್ಸೆಸ್ಸೆಲ್ಸಿಯವರೆಗೆ ಅವರನ್ನು ನಾವು ಬಿಟ್ಟರೆ ತಾನೆ?

1999ರಲ್ಲಿ ಹುಮನಾಬಾದ್ ತಾಲೂಕಿನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ಒಬ್ಬ ಹುಡುಗ. ಅಕ್ಷರ ಮುತ್ತಿನ ಹಾಗೆ. ನಡಿಗೆ, ಮಾತು, ತಲೆ ಬಾಚುವುದು ಎಲ್ಲ ಹೆಣ್ಣಿನ ಹಾಗೆ. ಹುಡುಗರು ಅವನನ್ನು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲಾರೆ. ಒಂದು ದಿನ ಬೋರ್ಡಿನ ಮೇಲೆ ನಕ್ಷೆ ತೋರಿಸಲು ಅವನನ್ನು ಕರೆದೆ. ಅವನು ಬರುವಾಗ ಹಿಂದಿನ ಸಾಲು ಚಪ್ಪಾಳೆ ತಟ್ಟಿತು. ಹಾಗೆ ತಟ್ಟಿದವರನ್ನು ನಾನು ಗದರಿಸಬೇಕಿತ್ತು. "ಸ್ವಲ್ಪ ಗಂಡಸರಂಗ ನಡೀ" ಎಂದು ಅವನನ್ನು ಗದರಿಸಿದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬಾಲಕರ ಮೂತ್ರಾಲಯಕ್ಕೆ ಹೋಗಲು ಹೆದರಿ ಅವನು ದಿನವಿಡೀ ನೀರು ಕುಡಿಯುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು, ಆಯಾ ಹೇಳಿದ್ದಳು. ದೀಪಾವಳಿಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ನಾನು ಮನೆಗೆ ಹೋಗಿ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಹಸಿರು ಸೀರೆಯ ಒಬ್ಬಳು ಬಂದು ಕಾಲು ಮುಟ್ಟಿದಳು. ನಾನು ಪರ್ಸಿಗೆ ಕೈ ಹಾಕಿದೆ.

"ರೊಕ್ಕ ಬ್ಯಾಡ ಟೀಚರ್. ಗುರುತ ಸಿಗಲಿಲ್ಲೇನ್ರಿ?"

ಗುರುತು ಸಿಕ್ಕಿತು. ಹೈದರಾಬಾದ್, ಸೊಲ್ಲಾಪುರ ಎಲ್ಲ ತಿರುಗಿ ಬಂದಿದ್ದಳು. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರಬೇಕಂತೆ. ಈ ವಯಸ್ಸಿನಲ್ಲಿ ಯಾಕೆ, ನೌಕರಿಗೇ ಎಂದೆ. "ನೌಕರಿ ಯಾರು ಕೊಡ್ತಾರ್ರೀ. ಅರ್ಧಾ ಬಿಟ್ಟದ್ದು ಮುಗಸಬೇಕು, ಅಷ್ಟೇ. ಹಳೇ ಸಾಲಿ ಕಾಗದ ಕೇಳ್ತಾರ, ನನಗ ಒಳಗ ಹೋಗಲಿಕ್ಕ ಧೈರ್ಯ ಇಲ್ಲ" ಎಂದಳು.

ಮರುವಾರ ಆ ಶಾಲೆಗೆ ನಾನೇ ಹೋದೆ. ಗುಮಾಸ್ತರು ಧೂಳು ಕೊಡವಿ ದಾಖಲಾತಿ ಪುಸ್ತಕ ತೆಗೆದರು. ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. ಶಾಲೆ ಬಿಟ್ಟ ಕಾರಣದ ಕಾಲಮಿನಲ್ಲಿ 'ಸತತ ಗೈರುಹಾಜರಿ' ಎಂದಿತ್ತು. ಅಕ್ಷರ ನನ್ನದು.

ಟಿ.ಸಿ. ಬರೆಸಿಕೊಂಡು ಬಂದು ಅವಳ ಕೈಗೆ ಕೊಟ್ಟೆ. ಅದರಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಹೊಸ ಹೆಸರಿನ ಅರ್ಜಿ ನಾವಿಬ್ಬರೂ ಕೂತು ಬರೆದೆವು. ಬರೆದದ್ದು ಅವಳು, ನಾನು ಹೇಳಿದೆನಷ್ಟೆ. ಅಕ್ಷರ ಈಗಲೂ ಹಾಗೇ ಇದೆ. ಈಗ ಭಾನುವಾರ ಮಧ್ಯಾಹ್ನ ಗಣಿತ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಾಳೆ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ, ನೋಡಲು.