ಡಾಕ್ಟರ ಮುಂದೆ ನಾನು ಹೇಳಿದ ಸುಳ್ಳು

ಶ್ರಾವಣ ಮುಗಿದ ಮರುದಿನ ನಸುಕಿನಲ್ಲಿ ಕಮಲಾಪುರದಿಂದ ಅಕ್ಕನ ಫೋನು ಬಂತು. ಮಗನಿಗೆ ಎದೆ ಡವಡವ ಬಡಿದುಕೊಳ್ಳುತ್ತಿದೆ, ಮೈಯೆಲ್ಲ ಬೆವರು. ಕಲಬುರಗಿಯ ಆಸ್ಪತ್ರೆಗೆ ಕರೆತಂದೆವು. ಇಪ್ಪತ್ತಾರರ ಹುಡುಗ. ಇಸಿಜಿ ತೆಗೆಯಲು ಸಿಸ್ಟರು ಅವನ ಕೊರಳ ಕರಡಿಗೆಯನ್ನು ಪಕ್ಕಕ್ಕೆ ಸರಿಸಿದರು. ಡಾಕ್ಟರು ಕೇಳಿದರು: “ಕುಡೀತಾನೇನ್ರಿ?”

ಅಕ್ಕ ಬಾಯಿ ತೆರೆಯುವ ಮೊದಲೇ ನಾನೆಂದೆ: “ಇಲ್ರಿ ಸರ್, ನಮ್ಮದು ಲಿಂಗವಂತರ ಮನಿ. ಯಾರೂ ಮುಟ್ಟಂಗಿಲ್ರಿ.”

ಮಂಚದ ಮೇಲಿಂದ ಹುಡುಗನೇ ಹೇಳಿದ: “ಮಾಮಾ, ಸುಳ್ಳ ಹೇಳಬ್ಯಾಡ್ರಿ. ನಿನ್ನೆ ರಾತ್ರಿ ಎರಡು ಕ್ವಾರ್ಟರ್ ಆಗ್ಯಾವ್ರಿ.”

ತಿಂಗಳಿಡೀ ನೇಮ ಹಿಡಿದವನು ಒಂದೇ ರಾತ್ರಿಯಲ್ಲಿ ತಿಂಗಳ ಬಾಕಿ ತೀರಿಸಿದ್ದ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿದ್ದವು. ಹಬ್ಬ, ರಜೆಗಳಲ್ಲಿ ವಿಪರೀತ ಕುಡಿದು ಹೀಗೆ ಬರುವವರನ್ನು ಕಂಡು 1978ರಲ್ಲೇ ಅಮೆರಿಕದ ವೈದ್ಯರು ಇದಕ್ಕೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟಿದ್ದಾರಂತೆ. ಗಟ್ಟಿಮುಟ್ಟಾದ ಹುಡುಗರಿಗೂ ಇದು ಬರುತ್ತದೆ. ನಮ್ಮವನು ಗುಣವಾಗಿ ಮನೆಗೆ ಬಂದ. ನನ್ನ ಸುಳ್ಳು ಮಾತ್ರ ನನ್ನನ್ನು ಬಿಟ್ಟಿಲ್ಲ.

ಶರಣ ಬಂಧುಗಳೇ, ಲೆಕ್ಕ ನೋಡಿ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದು ಗ್ರಾಮಿಗೆ 7 ಕ್ಯಾಲರಿ. ಸಕ್ಕರೆಗಿಂತ ಹೆಚ್ಚು, ಪೋಷಣೆ ಮಾತ್ರ ಸೊನ್ನೆ. ಯಕೃತ್ತು ತಾಸಿಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಅಂದರೆ ಒಂದು ಕ್ವಾರ್ಟರಿಗೆ ಆರು ತಾಸಿಗೂ ಮಿಕ್ಕಿದ ದುಡಿಮೆ. ವಿಷವನ್ನು ಮೊದಲು ಹೊರಹಾಕಬೇಕಾದ್ದರಿಂದ ಕೊಬ್ಬು ಕರಗಿಸುವ ಕೆಲಸ ಹಿಂದೆ ಬೀಳುತ್ತದೆ. ಆ ಕೊಬ್ಬು ಯಕೃತ್ತಿನಲ್ಲಿ, ರಕ್ತದಲ್ಲಿ ಸೇರುತ್ತದೆ, ರಕ್ತದೊತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯದ ಸ್ನಾಯುವೇ ಸಡಿಲಾಗಿ ಹಿಗ್ಗುತ್ತದೆ. ‘ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಉತ್ತರ ಕೊಟ್ಟಿದೆ: ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ನಮ್ಮಲ್ಲಿ ಕುಡಿಯುವವರಿಲ್ಲ ಎಂಬುದು ನಾವು ಕಾಪಾಡಿಕೊಂಡು ಬಂದ ಮರ್ಯಾದೆ. ಈ ಮರ್ಯಾದೆಯಿಂದ ಕುಡಿತ ನಿಂತಿಲ್ಲ, ಧಾಬಾದ ಹಿಂದಿನ ಕತ್ತಲೆಗೆ ಹೋಗಿದೆ. ಮದುವೆಯ ಹಿಂದಿನ ರಾತ್ರಿ ಗೆಳೆಯರಿಗೆ ಬೇರೆ ‘ವ್ಯವಸ್ಥೆ’ ಆಗುವುದು ಯಾವ ಹಿರಿಯನಿಗೆ ಗೊತ್ತಿಲ್ಲ? ಬಾಗಿಲು ಮುಚ್ಚಿ ಕುಡಿಯಲು ಬಿಟ್ಟು, ಬಾಗಿಲ ಹೊರಗೆ ವಿಭೂತಿ ಹಚ್ಚಿ ನಿಲ್ಲುವುದು ಯಾವ ಆಚಾರ?

ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆ ಹಿಡಿದು ಹೊರಟರು. ಕಾಣಿಕೆ ಕೇಳಲಿಲ್ಲ, ದುಶ್ಚಟ ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯ ದೊಡ್ಡತನವನ್ನು ನಾನು ಈಗ ತಿಳಿಯುತ್ತಿದ್ದೇನೆ. ಅದಕ್ಕೆ ಹಾಕಬೇಕಾದರೆ ಮೊದಲು ‘ನನ್ನಲ್ಲಿ ಇದೆ’ ಎಂದು ಒಪ್ಪಬೇಕು. ಒಪ್ಪಿದವನನ್ನು ಸ್ವಾಮೀಜಿ ಹೀಯಾಳಿಸಲಿಲ್ಲ.

ಹೀಗೆ ಬಹಿರಂಗ ಮಾಡಿದರೆ ಹುಡುಗರಿಗೆ ಭಯವೇ ಹೋಗುತ್ತದೆ ಎನ್ನುವವರಿದ್ದಾರೆ. ನಮ್ಮ ಹುಡುಗನಿಗೆ ಭಯ ಇದ್ದೇ ಇತ್ತು. ಅದು ಹೃದಯಕ್ಕಲ್ಲ, ನನಗೆ. ಅದರಿಂದ ಅವನು ಬಚ್ಚಿಡಲು ಕಲಿತನೇ ಹೊರತು ಬಿಡಲು ಕಲಿಯಲಿಲ್ಲ.

ಮಠಗಳಲ್ಲಿ ನನ್ನ ಬಿನ್ನಹ ಇಷ್ಟೇ. ಶ್ರಾವಣದ ಪ್ರವಚನದ ಜೊತೆಗೆ ಒಂದು ದಿನ ವೈದ್ಯರನ್ನು ಕೂಡಿಸಿ ಯುವಕರ ಬಿ.ಪಿ., ರಕ್ತ ಪರೀಕ್ಷೆ ಮಾಡಿಸಲಿ. ದಿನಾ ಕುಡಿಯುವವನಿಂದ ಬರೀ ಆಣೆ ಮಾಡಿಸಿ ಕಳಿಸಬಾರದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ಆಸರೆ ಬೇಕು. ಬಾಯಿಬಿಟ್ಟು ಹೇಳಲು ನಾಚುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಹಿರಿಯರಲ್ಲಿಯೂ ಒಂದು ಮಾತು. ಡಾಕ್ಟರು ಕೇಳಿದಾಗ ನಿಜ ಹೇಳಿ. ಸತ್ಯ ನುಡಿಯಬೇಕೆಂದು ಶರಣರು ಕಲಿಸಿದರು. ಅಂದು ಆ ಧರ್ಮ ಪಾಲಿಸಿದವನು ನಾನಲ್ಲ, ಮಂಚದ ಮೇಲಿದ್ದ ನಮ್ಮ ಹುಡುಗ.