ಜತ್ತದ ಕನ್ನಡ ಶಾಲೆಗೆ ಕಡಲ ಮೀನಿನ ತೊಟ್ಟಿ ಯಾಕೆ ಬೇಕು?



ಈ ಮಾತು ಕೆಲವರಿಗೆ ಕಹಿ ಆಗಬಹುದು. ಆದರೂ ಹೇಳಲೇಬೇಕು. ಗಡಿಭಾಗದ ನಮ್ಮ ಕನ್ನಡ ಶಾಲೆಗಳಿಗೆ ದೇಣಿಗೆ ಕೊಡುವವರಲ್ಲಿ ಒಂದು ಹೊಸ ಉಮೇದು ಶುರುವಾಗಿದೆ. ಮೊದಲು ಗೋಡೆ ಗಡಿಯಾರ ಕೊಡುತ್ತಿದ್ದರು, ಆಮೇಲೆ ಸರಸ್ವತಿ ಫೋಟೋ, ಆಮೇಲೆ ಟಿ.ವಿ. ಈಗ ಸಮುದ್ರದ ಮೀನಿನ ಗಾಜಿನ ತೊಟ್ಟಿ! ಅದೂ ಸಾದಾ ಮೀನಲ್ಲ, ಬೇಟೆ ಆಡುವ ಮೀನು. ಮೈತುಂಬ ಪಟ್ಟೆ ಇರುವ ಲಯನ್ ಫಿಶ್, ಕಲ್ಲಿನ ಸಂದಿಯಿಂದ ಬಾಯಿ ತೆರೆದು ನೋಡುವ ಮೊರೆ ಈಲ್, ದಪ್ಪ ತುಟಿಯ ಗ್ರೂಪರ್. ನಮ್ಮ ತಾಲೂಕಿನ ಒಂದು ಶಾಲೆಗೆ ಇಂಥ ಯೋಜನೆ ಬಂದಿದೆ. ಶಾಲೆಯ ಹೆಸರು ಬೇಡ. ಕೊಡುವವರ ಮನಸ್ಸು ದೊಡ್ಡದು, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಯೋಜನೆಯ ಬಗ್ಗೆ.

"ಹವಳ ಇಡೂದಿಲ್ರೀ ಸರ, ಬರೇ ಮೀನು. ಹಿಂಗಾಗಿ ಭಾಳ ಸರಳ ಐತಿ" ಎಂಬುದು ಅವರ ವಾದ.

ಇದು ಅರ್ಧ ಸತ್ಯ. ಹವಳಕ್ಕೆ ಬೇಕಾಗುವ ದುಬಾರಿ ದೀಪ ಬರೇ ಮೀನಿನ ತೊಟ್ಟಿಗೆ ಬೇಕಿಲ್ಲ, ನಿಜ. ಆದರೆ ಬೇಟೆಗಾರ ಮೀನು ತಿನ್ನುವುದು ಮಾಂಸ. ಹೆಚ್ಚು ಮಾಂಸ ತಿಂದಷ್ಟೂ ಹೆಚ್ಚು ಹೊಲಸು, ಹೆಚ್ಚು ಅಮೋನಿಯಾ. ವಿಜ್ಞಾನದ ಪಾಠದಲ್ಲಿ ನಾವು ನೈಟ್ರೋಜನ್ ಚಕ್ರ ಕಲಿಸುತ್ತೇವಲ್ಲ, ತೊಟ್ಟಿಯೊಳಗೂ ಅದೇ ನಡೆಯಬೇಕು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು, ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಆ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಖಾಲಿ ಇರಬೇಕು. ಸೋಮವಾರ ತೊಟ್ಟಿ ತಂದು ಶುಕ್ರವಾರ ಉದ್ಘಾಟನೆ ಮಾಡಿದರೆ ಮುಂದಿನ ವಾರ ಮೀನಿನ ಮಣ್ಣು ಮಾಡಬೇಕಾಗುತ್ತದೆ!

ಇನ್ನು ಲೆಕ್ಕಕ್ಕೆ ಬರೋಣ. ಪೂರ್ತಿ ಬೆಳೆದ ಲಯನ್ ಫಿಶ್ ಒಂದು ಅಡಿ ದಾಟುತ್ತದೆ. ಅದಕ್ಕೆ ಜೋಡಿಯಾಗಿ ಈಲ್, ಗ್ರೂಪರ್ ಬೇಕೆಂದರೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯೂ ಕಡಿಮೆಯೇ. ಅಷ್ಟೇ ಹಿಡಿದರೂ 24 ಘನ ಅಡಿ, ಅಂದರೆ ಸುಮಾರು 680 ಲೀಟರ್ ನೀರು. ನೀರಿನ ಭಾರವೇ 680 ಕಿಲೋ, ಗಾಜು ಮತ್ತು ಕಲ್ಲು ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಹಾಗಾಗಿ ಮೊದಲ ಸಲಕ್ಕೇ ಸುಮಾರು 24 ಕಿಲೋ ಉಪ್ಪು. ಅಡಿಗೆ ಉಪ್ಪು ನಡೆಯುವುದಿಲ್ಲ. ಮೆಗ್ನೀಶಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲ ಇರುವ ವಿಶೇಷ ಉಪ್ಪು ಬೇಕು. ತಿಂಗಳಿಗೆ ಐದನೇ ಒಂದು ಭಾಗ ನೀರು ಬದಲಿಸಿದರೂ 136 ಲೀಟರ್. ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಉಪ್ಪು ಗಟ್ಟಿಯಾಗದಂತೆ ದಿನಾಲೂ ಸಿಹಿನೀರು ಸೇರಿಸಬೇಕು.

ಸಿಹಿನೀರು ಎಲ್ಲಿಂದ? ನಮ್ಮ ಬೋರಿನ ಗಡಸು ನೀರು ನೇರವಾಗಿ ಹಾಕುವಂತಿಲ್ಲ, ಆರ್.ಓ. ಯಂತ್ರ ಬೇಕು. ಸಣ್ಣ ಆರ್.ಓ. ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಮೂರು ಲೀಟರ್‌ವರೆಗೂ ಹೊರಗೆ ಚೆಲ್ಲುತ್ತದೆ. ಹಾಗಾದರೆ ತೊಟ್ಟಿ ಒಮ್ಮೆ ತುಂಬಲು 2,720 ಲೀಟರ್! 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಗುರಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಇದು 49 ಜನರ ಒಂದು ದಿನದ ನೀರು.

ಈ ಲೆಕ್ಕ ಬೇರೆ ಊರಿನಲ್ಲಿ ಸಣ್ಣದು ಎನಿಸಬಹುದು. ನಮ್ಮದು ಜತ್ತ, ಸ್ವಾಮಿ. 2012ರಲ್ಲಿ ಇಲ್ಲಿನ ಗ್ರಾಮ ಪಂಚಾಯಿತಿಗಳು ನೀರಿಗಾಗಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಎಷ್ಟು ಗದ್ದಲವಾಯಿತು ನೆನಪಿದೆಯೇ? ಅದರ ಬೆನ್ನಿಗೇ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿ ಕೆರೆಗೆ ಹರಿದು ಬಂತು. ಇತ್ತ ಮಹಾರಾಷ್ಟ್ರ ಸರಕಾರ ಮ್ಹೈಸಾಳ ವಿಸ್ತರಿತ ಯೋಜನೆಗೆ ಸುಮಾರು 2,000 ಕೋಟಿ ರೂಪಾಯಿ ಘೋಷಿಸಿತು. ನೀರಿಗಾಗಿ ರಾಜ್ಯವನ್ನೇ ಬಿಡುತ್ತೇವೆ ಎಂದ ತಾಲೂಕು ಇದು. ಟ್ಯಾಂಕರ್ ಹಾದಿ ಕಾದು ಕೊಡ ತುಂಬಿಕೊಂಡ ಮನೆಯ ಹುಡುಗಿ ಶಾಲೆಗೆ ಬಂದು ಆ ತೊಟ್ಟಿ ನೋಡಿದರೆ ಅವಳಿಗೆ ನಾವು ಯಾವ ಪಾಠ ಹೇಳಿದಂತಾಯಿತು?

ಕರೆಂಟಿನ ಮಾತು ಕೇಳಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಪಂಪು ನಿಂತರೆ ದೊಡ್ಡ ಮೀನುಗಳು ಕೆಲವೇ ತಾಸಿನಲ್ಲಿ ಉಸಿರು ಕಟ್ಟಿ ಸಾಯುತ್ತವೆ. ನೀರು 24ರಿಂದ 27 ಡಿಗ್ರಿಯಲ್ಲಿರಬೇಕು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಚಿಲ್ಲರ್ ಇಲ್ಲದೆ ಅದು ಸಾಧ್ಯವಿಲ್ಲ. ಮಕ್ಕಳ ತಲೆಯ ಮೇಲೆ ಫ್ಯಾನ್ ತಿರುಗದ ವರ್ಗಕೋಣೆಯಲ್ಲಿ ಮೀನಿಗೆ ತಂಪು ಯಂತ್ರ! ಬೇಸಿಗೆ ರಜೆಯಲ್ಲಿ, ಜೂನ್ ಮಧ್ಯದವರೆಗೆ, ಅವಕ್ಕೆ ಸಿಗಡಿ, ಮೀನಿನ ತುಂಡು ಹಾಕುವವರು ಯಾರು? ನಮ್ಮಲ್ಲಿ ಸಿಪಾಯಿಯೂ ಇಲ್ಲ, ಫ್ರಿಜ್ಜೂ ಇಲ್ಲ.

ಇನ್ನೊಂದು ಮಾತು. ಲಯನ್ ಫಿಶ್ಶಿನ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ. ಚುಚ್ಚಿದರೆ ಜೀವ ಹೋಗುವುದು ಅಪರೂಪ, ನೋವು ಮಾತ್ರ ಭಯಂಕರ. ನಮ್ಮ ಶಾಲೆಗಳಲ್ಲಿ ಸ್ವಚ್ಛತೆ ಮಾಡುವ ಕೈಗಳು ಯಾರವು ಎಂದು ನಿಮಗೆ ಗೊತ್ತು.

ಸಾಕಾಗಿ ಹೋದಾಗ "ಎಲ್ಲಾದರೂ ಬಿಟ್ಟು ಬಂದರಾಯಿತು" ಎನ್ನುತ್ತಾರೆ. ಕಡಲ ಮೀನು ನಮ್ಮ ಕೆರೆಯಲ್ಲಿ ಬದುಕದು, ಸಾಯುತ್ತದೆ. ಬದುಕುವ ಕಡೆ ಬಿಟ್ಟರೆ ಇನ್ನೂ ಕೆಟ್ಟದ್ದು. ಇದೇ ಲಯನ್ ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡಿತು. ತೊಟ್ಟಿ ಸಾಕುವವರು ಬಿಟ್ಟಿದ್ದೇ ಕಾರಣ ಎಂದು ವಿಜ್ಞಾನಿಗಳು ನಂಬುತ್ತಾರೆ. ಇಂದು ಕೆರಿಬಿಯನ್ ಸಮುದ್ರದ ತುಂಬ ಅದೇ, ಅಲ್ಲಿನ ಸಣ್ಣ ಮೀನುಗಳನ್ನು ನುಂಗಿ ಹಾಕುತ್ತಿದೆ.

"ಹಂಗಾದ್ರ ಬರದ ನಾಡಿನ ಮಕ್ಕಳು ಸಮುದ್ರಾನ ನೋಡಬಾರದೇನ್ರೀ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನೋಡಲೇಬೇಕು! ಆದರೆ ಸಮುದ್ರವನ್ನು ಸಮುದ್ರದಲ್ಲೇ ನೋಡಲಿ. ಎಸ್.ಟಿ. ಬಸ್ಸಿಗೆ ಶಾಲಾ ಪ್ರವಾಸದ ರಿಯಾಯಿತಿ ಇದೆ. ರತ್ನಾಗಿರಿಯ ಸಾಗರ ಜೀವಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ ಮತ್ಸ್ಯಾಲಯ ಇದೆ. ಭರತ ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಿನಲ್ಲಿ ಏಡಿ, ಮೀನು ಹುಡುಕಿದ ಹುಡುಗ ಅದನ್ನು ಜೀವಮಾನ ಮರೆಯುವುದಿಲ್ಲ.

ಬೇಟೆ ತೋರಿಸಬೇಕೇ? ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲೆಂದು ಸಾಕುವ ಗಪ್ಪಿ ಮೀನು ನಾಲ್ಕು ತಂದು 40 ಲೀಟರಿನ ಸಿಹಿನೀರಿನ ತೊಟ್ಟಿಯಲ್ಲಿ ಬಿಡಿ. ಹತ್ತು ಸೊಳ್ಳೆ ಮರಿ ಹಾಕಿ, ಮಕ್ಕಳಿಗೆ ಎಣಿಸಲು ಹೇಳಿ. ಎಷ್ಟು ನಿಮಿಷದಲ್ಲಿ ಎಷ್ಟು ಹೋದವು? ಬೇಟೆ, ಗಣಿತ, ಡೆಂಗ್ಯೂ ಮೂರೂ ಒಂದೇ ಪಾಠ! ಗಪ್ಪಿಯೂ ಹೊರದೇಶದ್ದು, ಕೆರೆಗೆ ಬಿಡಬಾರದು ಎಂಬುದೂ ಅದೇ ಪಾಠದಲ್ಲಿ ಬರಲಿ.

ದಾನಿಗಳಿಗೆ ಕೈಮುಗಿದು ಹೇಳುತ್ತೇನೆ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿ ನೀವೂ ಓದಿದ್ದೀರಿ. ಕನ್ನಡದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಇಂದು ಕೊರತೆ ಇರುವುದು ಕನ್ನಡದ ವಿಜ್ಞಾನ ಪುಸ್ತಕ, ಸೂಕ್ಷ್ಮದರ್ಶಕ, ಪ್ರಯೋಗದ ಸಾಮಾನು. ನಿಮ್ಮ ಹಣ ಅಲ್ಲಿಗೆ ಬರಲಿ.

ಇಷ್ಟಾದರೂ ತೊಟ್ಟಿ ಬೇಕೇ ಬೇಕು ಎನ್ನುವವರಿದ್ದರೆ, ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಪಾಲಕರು ಎದ್ದು ನಿಂತು ನಾಲ್ಕೇ ಪ್ರಶ್ನೆ ಕೇಳಿ. ನೀರು ಯಾವ ಬಾವಿಯದು? ಕರೆಂಟ್ ಬಿಲ್ ಯಾರ ಹೆಸರಿಗೆ? ರಜೆಯಲ್ಲಿ ಬೀಗದ ಕೈ ಯಾರ ಹತ್ತಿರ? ಐದು ವರ್ಷದ ಖರ್ಚು ಎಲ್ಲಿಂದ? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿಸಿಕೊಳ್ಳಿ. ಆಮೇಲೆ ಬೇಕಾದರೆ ಉದ್ಘಾಟನೆಯ ತಾರೀಖು ಗೊತ್ತು ಮಾಡಿ.