ದಾಂಡೇಲಿಯ ಬಿದಿರಿನ ಲೆಕ್ಕ

ಸಹ್ಯಾದ್ರಿಯ ಮಡಿಲಲ್ಲಿ, ಕಾಳಿ ನದಿಯ ದಂಡೆಯಲ್ಲಿರುವ ದಾಂಡೇಲಿಯನ್ನು ಬೆಳೆಸಿದ್ದು ಕಾಡು. ಬ್ರಿಟಿಷರ ಕಾಲದಲ್ಲಿ ಮರ ಸಾಗಿಸಲು ಅಳ್ನಾವರದಿಂದ ರೈಲು ಬಂತು. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಅದರಿಂದ ಸಾವಿರಾರು ಕಾರ್ಮಿಕರ ಮನೆಯ ಒಲೆ ಉರಿಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಾರ್ಖಾನೆಗೆ ಸರಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ! ಬುಟ್ಟಿ ಹೆಣೆದು ಬದುಕುವ ಮೇದಾರರು ತೆತ್ತದ್ದು ಅದರ ನೂರಾರು ಪಟ್ಟು.

ಬಿದಿರು ಬರಿದಾದಾಗ ತಪ್ಪನ್ನು ಹಳ್ಳಿಗರ ದನಗಳ ಮೇಲೆ ಹೊರಿಸಲಾಯಿತು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಕಾಡಿಗೇ ಹೋಗಿ ನೋಡಿದಾಗ ಕಂಡ ಸಂಗತಿಯೇ ಬೇರೆ. ಕಡಿಯಲು ಅನುಕೂಲವೆಂದು ಕಾರ್ಖಾನೆಯ ಕಡೆಯವರು ಮೆಳೆಯ ಬುಡದ ಮುಳ್ಳನ್ನು ಸವರಿಹಾಕುತ್ತಿದ್ದರು. ಕಾವಲು ತಪ್ಪಿದ ಎಳೆಯ ಕಳಲೆ ಪ್ರಾಣಿಗಳ ಬಾಯಿಗೆ ಹೋಗುತ್ತಿತ್ತು. ಹಳ್ಳಿಗರು ಇದನ್ನು ಮೊದಲೇ ಬಲ್ಲವರಾಗಿದ್ದರು, ಅವರನ್ನು ಕೇಳಿದವರಿಲ್ಲ.

1987ರಲ್ಲಿ ನೆರೆಯ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಹುಲಿ ಮೀಸಲು ಪ್ರದೇಶವೂ ಆಯಿತು. ಕಾಡು ಉಳಿಯಲೇಬೇಕು. ಆದರೆ ಗಾಡಿಗಟ್ಟಲೆ ಕಡಿದವರ ಲೆಕ್ಕ ಕೇಳದೆ, ಹೊರೆ ಬಿದಿರು ತರುವ ಬಡವನಿಗೆ ಮಾತ್ರ ಬೇಲಿ ಹಾಕುವುದು ಯಾವ ನ್ಯಾಯ? 2006ರ ಅರಣ್ಯ ಹಕ್ಕು ಕಾಯಿದೆ ಬಿದಿರಿನ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪಿದೆ. ಆ ಹಕ್ಕು ಬರಿಯ ಕಾಗದದ ಮೇಲೆ ಉಳಿಯಬಾರದು.